ಲೂಪ್ ತೆಗೆದು ಮ್ಯಾಪ್, ಫಿಲ್ಟರ್ ಹಾಕುವುದು ಹೇಗೆ?

ಜಾವಾಸ್ಕ್ರಿಪ್ಟ್‌ನ ಫಾರ್ ಲೂಪನ್ನು ಬದಲಿಸಲು ಹೊರಟಾಗ, ಲೂಪ್ ಮುಗಿದ ಮೇಲೆ ಕೈಗೆ ಏನು ಸಿಗುತ್ತದೆ ಎಂದು ಮೊದಲು ನೋಡಿ. ಅಷ್ಟೇ ಉದ್ದದ ಹೊಸ ಅರೇ (ಮೌಲ್ಯಗಳ ಪಟ್ಟಿ) ಸಿಕ್ಕರೆ ಮ್ಯಾಪ್. ಕೆಲವು ಅಂಶಗಳು ಮಾತ್ರ ಉಳಿದರೆ ಫಿಲ್ಟರ್. ಷರತ್ತಿಗೆ ಹೊಂದುವ ಮೊದಲನೆಯದೊಂದೇ ಸಾಕಾದರೆ ಫೈಂಡ್, ಹೌದು-ಇಲ್ಲ ಸಾಕಾದರೆ ಸಮ್ (some) ಅಥವಾ ಎವೆರಿ. ಎಲ್ಲ ಸೇರಿ ಒಂದೇ ಮೌಲ್ಯವಾದರೆ ರೆಡ್ಯೂಸ್.

ಅರೇಯಲ್ಲಿ 72, 31, 88, 40 ಇವೆ. 40 ಮತ್ತು ಅದಕ್ಕಿಂತ ದೊಡ್ಡವನ್ನು ಕೂಡಬೇಕು ಎನ್ನಿ. ಹಳೆಯ ಕೋಡಿನಲ್ಲಿ ಮೂರು ತುಂಡುಗಳಿರುತ್ತವೆ: ಲೂಪಿನ ಮೇಲೆ 'ಮೊತ್ತ = 0', ಒಳಗೊಂದು ಇಫ್, ಅದರೊಳಗೆ ಕೂಡುವ ಸಾಲು.

ಮೊದಲು ಇಫ್‌ನ ಷರತ್ತನ್ನು ಹಾಗೇ ಎತ್ತಿ ಫಿಲ್ಟರ್‌ಗೆ ಕೊಡಿ. 72, 88, 40 ಉಳಿಯುತ್ತವೆ. ಇಲ್ಲೊಮ್ಮೆ ನಿಂತು ಪ್ರಿಂಟ್ ಮಾಡಿ ನೋಡುವುದು ಒಳ್ಳೆಯದು. ಆಮೇಲೆ ಕೂಡುವ ಸಾಲನ್ನು ರೆಡ್ಯೂಸ್‌ಗೆ ಹಾಕಿ, ಮೇಲಿದ್ದ 0 ಅನ್ನು ಅದರ ಎರಡನೇ ಆರ್ಗ್ಯುಮೆಂಟ್ ಮಾಡಿ. ಉತ್ತರ 200.

ಆ 0 ಬಿಟ್ಟರೂ ಇವತ್ತು 200 ಎಂದೇ ಬರುತ್ತದೆ, ಕಿತಾಪತಿ ಇರುವುದೇ ಅಲ್ಲಿ. ಫಿಲ್ಟರ್ ದಾಟಿ ಒಂದೂ ಅಂಶ ಬಾರದ ದಿನ, ಖಾಲಿ ಅರೇ ಕಂಡ ರೆಡ್ಯೂಸ್ ಟೈಪ್‌ಎರರ್ ಎಸೆದು ನಿಲ್ಲುತ್ತದೆ.

ಮ್ಯಾಪ್‌ನಿಂದ ಬರೀ 'ಅನ್‌ಡಿಫೈನ್ಡ್' ಬರುತ್ತಿದ್ದರೆ, ಆ್ಯರೋ ಫಂಕ್ಷನ್‌ಗೆ ಹೂಬ್ರಾಕೆಟ್ ಹಾಕಿ ರಿಟರ್ನ್ ಮರೆತಿರುತ್ತೀರಿ. ಇನ್ನೊಂದು ಕಾಟ, ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಪಾರ್ಸ್‌ಇಂಟ್‌ನದು. '10', '10', '10' ಎಂಬ ಮೂರು ಸ್ಟ್ರಿಂಗ್‌ಗಳಿಗೆ ಅದನ್ನು ನೇರವಾಗಿ ಮ್ಯಾಪ್ ಮಾಡಿದರೆ ಸಿಗುವುದು 10, ನ್ಯಾನ್ (NaN, ಅಂದರೆ 'ಸಂಖ್ಯೆಯಲ್ಲ'), 2! ಮ್ಯಾಪ್ ಅಂಶದ ಜೊತೆಗೆ ಇಂಡೆಕ್ಸನ್ನೂ ಕಳಿಸುತ್ತದೆ. ಪಾರ್ಸ್‌ಇಂಟ್ ಅದನ್ನು ಸಂಖ್ಯೆಯ ಬೇಸ್ ಎಂದುಕೊಳ್ಳುತ್ತದೆ. 0 ಬಂದರೆ ಮಾಮೂಲಿ ದಶಮಾನ, 1 ಎಂಬ ಬೇಸ್ ನಡೆಯುವುದಿಲ್ಲ, ಬೇಸ್ 2ರಲ್ಲಿ '10' ಎಂದರೆ ಎರಡು. ಅಂಶವನ್ನಷ್ಟೇ ತೆಗೆದುಕೊಂಡು ಬೇಸ್ 10 ಎಂದು ತಾನೇ ಹೇಳುವ ಪುಟ್ಟ ಫಂಕ್ಷನ್ ಬರೆದುಕೊಡಿ.

ಫಾರ್‌ಈಚ್ ಹಾಕಿ ಒಳಗೆ ಪುಶ್ (ಅರೇಗೆ ಅಂಶ ಸೇರಿಸುವ ಮೆಥಡ್) ಬರೆಯುವುದು ವೇಷ ಬದಲಿಸಿದ ಲೂಪ್, ಅಷ್ಟೇ. ಅದರಲ್ಲಿ ಬ್ರೇಕ್ ಕೂಡ ನಡೆಯುವುದಿಲ್ಲ. ಒಳಗೆ ಅವೇಟ್ (ಒಂದು ಕೆಲಸ ಮುಗಿಯುವವರೆಗೆ ಕಾಯಿಸುವ ಪದ) ಇದ್ದರಂತೂ ಫಾರ್‌ಈಚ್ ಯಾರಿಗೂ ಕಾಯದೆ ಮುಂದೆ ಹೋಗುತ್ತದೆ. ಒಂದಾದ ಮೇಲೊಂದು ನಡೆಯಬೇಕಾದ ಅಂಥ ಕೆಲಸಕ್ಕೆ ಫಾರ್-ಆಫ್ ಲೂಪೇ ಇರಲಿ.