ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಮಾತು, ಹಾಡು ಎರಡಕ್ಕೂ ಕಿವಿ ಪಳಗಿಸುವುದು ಹೇಗೆ

ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸಿ, ಕರೆಂಟ್‌ನಿಂದ ನರವನ್ನು ಮಿಡಿಸಿ ಸದ್ದು ಕೇಳಿಸುವ ಸಾಧನ) ಹಾಕಿಸಿಕೊಂಡ ಬಹಳಷ್ಟು ಮಂದಿಗೆ ಕೆಲವು ತಿಂಗಳಲ್ಲೇ ಸದ್ದಿಲ್ಲದ ಕೋಣೆಯಲ್ಲಿ ಎದುರು ಕೂತವರ ಮಾತು ತಿಳಿಯತೊಡಗುತ್ತದೆ. ಆದರೆ ಹಾಡು ಹಾಡಾಗಿ ಕೇಳುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಮಾತೂ ಕಲಸಿಹೋಗುತ್ತದೆ. ಈ ಎರಡು ತೊಂದರೆಗಳ ಬೇರು ಒಂದೇ.

ಸಹಜ ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸಲು ಸುಮಾರು 3,500 ರೋಮಕೋಶಗಳಿರುತ್ತವೆ. ಇಂಪ್ಲಾಂಟ್‌ನಲ್ಲಿ ಆ ಕೆಲಸಕ್ಕೆ ಇರುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್ (ಕರೆಂಟ್ ಹಾಯಿಸುವ ಪುಟ್ಟ ಲೋಹದ ತುದಿ). ಅದರಲ್ಲೂ ಒಳಗಿವಿಯ ದ್ರವದಲ್ಲಿ ಕರೆಂಟ್ ಹರಡಿಕೊಳ್ಳುವುದರಿಂದ ಅಕ್ಕಪಕ್ಕದ ಎಲೆಕ್ಟ್ರೋಡ್‌ಗಳು ಒಂದೇ ನರತಂತುಗಳನ್ನು ಕೆಣಕುತ್ತವೆ. ನಿಜವಾಗಿ ಬೇರೆಬೇರೆಯಾಗಿ ದಕ್ಕುವ ಚಾನೆಲ್‌ಗಳು ಹಲವರಲ್ಲಿ 8ರ ಆಸುಪಾಸು ಮಾತ್ರ. ಪ್ರೊಸೆಸರ್, ಅಂದರೆ ಹೊರಗೆ ಹಾಕಿಕೊಳ್ಳುವ ಭಾಗ, ಪ್ರತಿ ಚಾನೆಲ್‌ನಲ್ಲಿ ಸದ್ದಿನ ಏರಿಳಿತದ ಹೊರರೇಖೆಯನ್ನು ಚೆನ್ನಾಗಿ ಕಳಿಸುತ್ತದೆ, ಅದರೊಳಗಿನ ಸೂಕ್ಷ್ಮ ಕಂಪನವನ್ನು ಬಹುಪಾಲು ಬಿಟ್ಟುಬಿಡುತ್ತದೆ. ಹೀಗಾಗಿ ಸದ್ದು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಯಾವಾಗ ನಿಂತಿತು ಎಂಬುದು ಸ್ಪಷ್ಟವಾಗಿ ಮುಟ್ಟುತ್ತದೆ. ಎಷ್ಟು ಎತ್ತರದ ಸ್ವರ (ಪಿಚ್) ಎಂಬುದು ಅಷ್ಟು ಸ್ಪಷ್ಟವಾಗಿ ಮುಟ್ಟುವುದಿಲ್ಲ. ಮಾತಿನ ಅರ್ಥ ಹೆಚ್ಚಾಗಿ ಕಾಲದಲ್ಲಿದೆ, ಹಾಡಿನ ಮಟ್ಟು ಸ್ವರದ ಎತ್ತರದಲ್ಲಿದೆ. ಅಭ್ಯಾಸದ ದಾರಿಯೂ ಇದರಿಂದಲೇ ಸಿಗುತ್ತದೆ: ಸಾಧನ ಚೆನ್ನಾಗಿ ಕೊಡುವ ಕಾಲದಿಂದ ಶುರುಮಾಡಿ, ಅರೆಬರೆ ಕೊಡುವ ಸ್ವರದ ಕಡೆಗೆ ಹೋಗಬೇಕು.

ಮೊದಲು ಸಾಧನ, ಆಮೇಲೆ ಕಿವಿ

ಬೆಳಿಗ್ಗೆ ಪ್ರೊಸೆಸರ್ ಹಾಕಿಕೊಂಡ ಕೂಡಲೇ ಆರು ಸದ್ದುಗಳ ಪರೀಕ್ಷೆ ಮಾಡಿ. ಮನೆಯವರೊಬ್ಬರು ಬಾಯಿ ಕಾಣದಂತೆ ಒಂದು ಮೀಟರ್ ದೂರದಿಂದ ಮ್, ಊ, ಆ, ಈ, ಶ್, ಸ್ ಎಂಬುದನ್ನು ಕ್ರಮ ತಪ್ಪಿಸಿ ಹೇಳಲಿ. ನಡುನಡುವೆ ಸುಮ್ಮನೆಯೂ ಇರಲಿ. ಕೇಳಿದ್ದನ್ನು ಹಾಗೇ ತಿರುಗಿ ಹೇಳಿ. ಮ್ ಅತಿ ತಗ್ಗಿನ ಸದ್ದು, ಸ್ ಅತಿ ಎತ್ತರದ್ದು. ಮಾತಿಗೆ ಬೇಕಾದ ಇಡೀ ಹರವು ಈ ಆರರಲ್ಲಿ ಬಂದುಹೋಗುತ್ತದೆ. ನಿನ್ನೆ ಕೇಳುತ್ತಿದ್ದ ಸ್ ಇವತ್ತು ಕೇಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೈಕ್ರೊಫೋನ್ ಮುಚ್ಚಳವನ್ನು. ಬೆವರು, ಎಣ್ಣೆ, ದೂಳು ಕಟ್ಟಿಕೊಂಡಾಗ ಸದ್ದು ನಿಧಾನವಾಗಿ ಮಂಕಾಗುತ್ತ ಹೋಗುತ್ತದೆ, ಹಾಕಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ. ಹಲವು ಮಾದರಿಗಳಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಮುಚ್ಚಳ ಬದಲಿಸಬೇಕು. ರಾತ್ರಿ ಪ್ರೊಸೆಸರನ್ನು ತೇವ ಹೀರುವ ಡಬ್ಬಿಯಲ್ಲಿಡಬೇಕು.

ಮ್ಯಾಪಿಂಗ್‌ಗೆ, ಅಂದರೆ ಪ್ರೊಸೆಸರನ್ನು ನಿಮ್ಮ ಕಿವಿಗೆ ಹೊಂದಿಸಿಕೊಳ್ಳಲು, ಹೋದಾಗ ‘ಹಾಡು ಸರಿಯಾಗಿ ಕೇಳುತ್ತಿಲ್ಲ’ ಎಂದಷ್ಟೇ ಹೇಳಿದರೆ ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಹಿಡಿಯಲು ಏನೂ ಸಿಗುವುದಿಲ್ಲ. ‘ಶ ಮತ್ತು ಸ ಒಂದೇ ಥರ ಕೇಳುತ್ತಿವೆ’, ‘ತಾಳದ ಪೆಟ್ಟು ಬಿದ್ದಾಗಲೆಲ್ಲ ಹಾಡುವವರ ದನಿ ಕುಗ್ಗುತ್ತದೆ’, ‘ಒಂದು ಸ್ವರ ಮಾತ್ರ ಚುಚ್ಚುತ್ತದೆ’ ಎಂದು ಬರೆದುಕೊಂಡು ಹೋಗಿ. ಜತೆಗೆ ಎರಡು ಕೆಲಸಗಳನ್ನು ಕೇಳಿ ಮಾಡಿಸಿಕೊಳ್ಳಿ.

ಮೊದಲನೆಯದು ಎಲೆಕ್ಟ್ರೋಡ್‌ಗಳ ಜೋರನ್ನು ಸರಿದೂಗಿಸುವುದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೊಂದನ್ನೇ ಮಿಡಿಸಿ, ಎಲ್ಲವೂ ಒಂದೇ ಜೋರಿನಲ್ಲಿ ಕೇಳುತ್ತಿವೆಯೇ ಎಂದು ನೋಡುತ್ತಾರೆ. ಮಾತಿಗೆ ಸಣ್ಣ ವ್ಯತ್ಯಾಸ ಅಷ್ಟೇನೂ ತಟ್ಟದು. ಹಾಡಿನಲ್ಲಿ ಹಾಗಲ್ಲ: ಒಂದು ಎಲೆಕ್ಟ್ರೋಡ್ ಜೋರಾಗಿದ್ದರೆ ಅಲ್ಲಿ ಬೀಳುವ ಸ್ವರವೆಲ್ಲ ಕೂಗಿದಂತೆ ಕೇಳಿ ಮಟ್ಟಿನ ಆಕಾರವೇ ಕೆಡುತ್ತದೆ.

ಎರಡನೆಯದು ಸಂಗೀತಕ್ಕೇ ಒಂದು ಬೇರೆ ಪ್ರೋಗ್ರಾಂ. ಗದ್ದಲ ತಗ್ಗಿಸುವ ಸೌಲಭ್ಯ ಅದರಲ್ಲಿ ಆಫ್ ಆಗಿರಲಿ. ಎಳೆದು ಹಿಡಿದ ಸ್ವರವನ್ನು ಅದು ಫ್ಯಾನಿನ ಗುಂಯ್‌ ಎಂದುಕೊಂಡು ಅದುಮಿಬಿಡುತ್ತದೆ. ಮೈಕ್ರೊಫೋನ್ ಎದುರಿಗೆ ಮಾತ್ರ ಗಮನ ಕೊಡುವ ಬದಲು ಸುತ್ತಲಿನದನ್ನೂ ತೆಗೆದುಕೊಳ್ಳಲಿ. ಮಾತಿನ ಪ್ರೋಗ್ರಾಂನಲ್ಲಿ ಗದ್ದಲ ತಗ್ಗಿಸುವುದು, ಎದುರಿಗೆ ಮಾತ್ರ ಗಮನ ಕೊಡುವುದು ಎರಡೂ ಇರಲೇಬೇಕು, ಅಲ್ಲಿ ಅವುಗಳಿಂದ ಲಾಭವೇ ಹೆಚ್ಚು.

ಮಾತಿನ ಅಭ್ಯಾಸ

ದಿನಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಐದು ದಿನ ಸಾಕು. ಭಾನುವಾರ ಮೂರು ಗಂಟೆ ಕೂತು ಉಳಿದ ದಿನ ಬಿಟ್ಟರೆ ಆಯಾಸ ಉಳಿಯುತ್ತದೆ, ಕಲಿಕೆ ಉಳಿಯುವುದಿಲ್ಲ. ಇನ್ನೊಂದು ಕಿವಿ ಸ್ವಲ್ಪವಾದರೂ ಕೇಳುತ್ತಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಅದನ್ನು ದೂರವಿಡಬೇಕು, ಇಲ್ಲವಾದರೆ ಕೆಲಸವೆಲ್ಲ ಆ ಕಿವಿಯೇ ಮಾಡುತ್ತದೆ. ಬ್ಲೂಟೂತ್‌ನಿಂದ ನೇರವಾಗಿ ಪ್ರೊಸೆಸರ್‌ಗೆ ಸದ್ದು ಕಳಿಸುವುದು ಇದಕ್ಕೆ ಸುಲಭದ ದಾರಿ.

ಕನ್ನಡದ ಜೋಡಿಪದಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಕತೆ–ಕತ್ತೆ, ಹಳಿ–ಹಳ್ಳಿ, ಕೊಡು–ಕೋಡು, ಬಿಡು–ಬೀಡು: ಇವುಗಳಲ್ಲಿ ವ್ಯತ್ಯಾಸ ಇರುವುದು ಕಾಲದಲ್ಲಿ, ಹಾಗಾಗಿ ಮೊದಲು ಕೈಗೆ ಸಿಗುವವು ಇವೇ. ಇಲ್ಲಿಂದ ಶುರುಮಾಡಿ. ಆಮೇಲೆ ತಡ–ದಡ, ಕಡಿ–ಗಡಿ, ಕರಡಿ–ಗರಡಿ. ಕೊನೆಗೆ ತಲೆ–ಕಲೆ, ಮರಿ–ನರಿ, ಬಲೆ–ಬಳೆ, ಮೊಲ–ಮೊಳ. ಈ ಕೊನೆಯ ಗುಂಪಿನಲ್ಲಿ ನಾಲಿಗೆ, ತುಟಿ ಎಲ್ಲಿ ತಾಗಿತು ಎಂಬುದಷ್ಟೇ ಬೇರೆ. ಆ ಸುಳಿವು ಚಾನೆಲ್‌ಗಳ ನಡುವಿನ ಸಣ್ಣ ವ್ಯತ್ಯಾಸದಲ್ಲಿ ಅಡಗಿರುತ್ತದೆ. ಇವು ತಿಂಗಳುಗಟ್ಟಲೆ ತಪ್ಪಿದರೂ ಎದೆಗುಂದಬೇಡಿ. ವಾಕ್ಯದೊಳಗೆ ಬಂದಾಗ ಅರ್ಥವೇ ದಾರಿ ತೋರಿಸುತ್ತದೆ: ‘ಪೊದೆಯಿಂದ ನರಿ ಹೊರಬಂತು’ ಎಂದಾಗಿನ ನರಿ ಒಂಟಿಯಾಗಿ ಹೇಳಿದ ನರಿಗಿಂತ ಬೇಗ ಸಿಗುತ್ತದೆ.

ಹತ್ತರಲ್ಲಿ ಎಂಟು ಸರಿಯಾದರೆ ಮುಂದಿನ ಹಂತಕ್ಕೆ ಹೋಗಿ. ಐದೂ ಆಗದಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ. ತಪ್ಪಿದಾಗ ಸರಿಯುತ್ತರವನ್ನು ಬರಹದಲ್ಲಿ ನೋಡಿ, ಅದೇ ಪದವನ್ನು ತಕ್ಷಣ ಮತ್ತೆ ಎರಡು ಸಲ ಕೇಳಿ. ಸದ್ದನ್ನೂ ಅರ್ಥವನ್ನೂ ಮಿದುಳು ಹೊಸೆಯುವುದು ಈ ಕ್ಷಣದಲ್ಲೇ, ಅದನ್ನು ಹಾರಿಸಿದರೆ ಅದು ಪರೀಕ್ಷೆಯಾಗುತ್ತದೆ, ಅಭ್ಯಾಸವಾಗುವುದಿಲ್ಲ. ಪದಗಳಾದ ಮೇಲೆ ಓದಿ ಧ್ವನಿಮುದ್ರಿಸಿದ ಪುಸ್ತಕ: ಮೊದಲು ಪುಟ ನೋಡುತ್ತ ಕೇಳಿ, ಅದೇ ಪುಟವನ್ನು ಮುಚ್ಚಿಟ್ಟು ಕೇಳಿ, ಕೊನೆಗೆ ನೋಡದ ಪುಟವನ್ನು ಕೇಳಿ.

ಗದ್ದಲದಲ್ಲಿ ಕೇಳುವ ಅಭ್ಯಾಸವನ್ನು ಸದ್ದಿಲ್ಲದ ಕೋಣೆಯಲ್ಲಿ ವಾಕ್ಯಗಳು ಹಿಡಿತಕ್ಕೆ ಬಂದ ಮೇಲೆಯೇ ಶುರುಮಾಡಿ. ಮಾತು ಹಿನ್ನೆಲೆಗಿಂತ 10ರಿಂದ 15 ಡೆಸಿಬೆಲ್ ಜೋರಾಗಿರಲಿ, ಬರಬರುತ್ತ ಅಂತರ ಇಳಿಸಿ. ಫ್ಯಾನಿನಂಥ ಏಕಸಮ ಸದ್ದು ಮೊದಲು, ಜನರ ಮಾತಿನ ಹಿನ್ನೆಲೆ ಆಮೇಲೆ. ಎರಡನೆಯದು ಹೆಚ್ಚು ಕಷ್ಟ, ಯಾಕೆಂದರೆ ಸಹಜ ಕಿವಿ ಒಬ್ಬರ ದನಿಯನ್ನು ಇನ್ನೊಬ್ಬರದರಿಂದ ಬಿಡಿಸುವುದು ಹೆಚ್ಚಾಗಿ ದನಿಯ ಎತ್ತರದಿಂದ. ಇಂಪ್ಲಾಂಟ್ ಸರಿಯಾಗಿ ಕೊಡದಿರುವುದು ಅದನ್ನೇ. ದಿನನಿತ್ಯದಲ್ಲಿ ಇದಕ್ಕೆ ಅಭ್ಯಾಸಕ್ಕಿಂತ ದೂರ ತಗ್ಗಿಸುವುದೇ ಮದ್ದು. ತೆರೆದ ಜಾಗದಲ್ಲಿ ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಹೆಚ್ಚುತ್ತದೆ. ಮಾತಾಡುವವರ ಕೊರಳಪಟ್ಟಿಗೆ, ಬಾಯಿಂದ 15–20 ಸೆಂಟಿಮೀಟರ್ ದೂರದಲ್ಲಿ ಸಿಕ್ಕಿಸಿದ ರಿಮೋಟ್ ಮೈಕ್ ಯಾವ ಪ್ರೊಸೆಸರ್ ಸೆಟ್ಟಿಂಗ್‌ಗಿಂತಲೂ ಹೆಚ್ಚು ನೆರವಾಗುತ್ತದೆ.

ಹಾಡಿನ ಕಡೆಗೆ

ಇಂಪ್ಲಾಂಟ್ ಬಳಸುವವರ ಲಯದ ಗ್ರಹಿಕೆ ಸಹಜ ಕಿವಿಯವರಿಗೆ ತುಂಬ ಹತ್ತಿರದಲ್ಲಿರುತ್ತದೆ. ಆದ್ದರಿಂದ ಮೊದಲ ಎರಡು ಮೂರು ವಾರ ಬರೀ ತಾಳವಾದ್ಯ ಕೇಳಿ. ಕೈಯಲ್ಲಿ ತಾಳ ಹಾಕುತ್ತ ಎಲ್ಲಿ ಒತ್ತು ಬಿತ್ತು, ಎಲ್ಲಿ ನಡೆ ಬದಲಾಯಿತು ಎಂದು ಗುರುತಿಸಿ. ಆಮೇಲೆ ಕಿವುಡು ಬರುವ ಮೊದಲೇ ಬಾಯಿಪಾಠವಾಗಿದ್ದ ಒಂದು ಹಾಡನ್ನು ತೆಗೆದುಕೊಳ್ಳಿ. ಒಂದೇ ದನಿ, ಪಕ್ಕದಲ್ಲಿ ಹೆಚ್ಚೆಂದರೆ ಒಂದು ವಾದ್ಯ. ಸಾಹಿತ್ಯ ಕಣ್ಣೆದುರಿಗಿರಲಿ. ನೆನಪಿನಲ್ಲಿರುವ ಹಾಡು ಕೇಳುತ್ತಿರುವ ಹಾಡಿನ ತೂತುಗಳನ್ನು ತುಂಬುತ್ತದೆ. ಇದನ್ನು ಮೋಸ ಎಂದುಕೊಳ್ಳಬೇಡಿ, ಕಲಿಕೆ ನಡೆಯುವುದೇ ಹೀಗೆ. ವಾದ್ಯಮೇಳದಿಂದ ಶುರುಮಾಡಿ ‘ಸಂಗೀತ ನನಗಲ್ಲ’ ಎಂದು ಬಿಟ್ಟವರು ಬಹಳ ಜನ. ಹತ್ತಾರು ವಾದ್ಯಗಳು ಎಂಟು ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬಿದ್ದರೆ ಯಾರಿಗೂ ಗದ್ದಲವೇ ಕೇಳುವುದು.

ಸ್ವರದ ಅಭ್ಯಾಸಕ್ಕೆ ಫೋನಿನ ಪಿಯಾನೊ ಆ್ಯಪ್ ಸಾಕು. ಅಕ್ಕಪಕ್ಕದ ಎರಡು ಮನೆಗಳ (ಕೀಗಳ) ನಡುವೆ, ಕಪ್ಪು ಮನೆಯನ್ನೂ ಸೇರಿಸಿ, ಒಂದು ಸೆಮಿಟೋನ್ ಅಂತರ. ಕಂಪನದ ಲೆಕ್ಕದಲ್ಲಿ ಸುಮಾರು ಶೇ 6. ಬಹಳಷ್ಟು ಇಂಪ್ಲಾಂಟ್ ಬಳಕೆದಾರರಿಗೆ ಎರಡು ಸ್ವರ ಬೇರೆ ಎಂದು ಗೊತ್ತಾಗಲು ಹಲವು ಸೆಮಿಟೋನ್ ಬೇಕಾಗುತ್ತದೆ. ಐದು ಸ್ವರಗಳ ಸಾಲು ಮಾಡಿ, ಸ್ವರದಿಂದ ಸ್ವರಕ್ಕೆ 5 ಸೆಮಿಟೋನ್ ಅಂತರ ಇಡಿ. ಏರುವುದು, ಇಳಿಯುವುದು, ಸಮ, ಏರಿ ಇಳಿಯುವುದು, ಇಳಿದು ಏರುವುದು: ಈ ಐದು ಆಕಾರಗಳಲ್ಲಿ ಒಂದನ್ನು ಇನ್ನೊಬ್ಬರು ನುಡಿಸಲಿ, ನೀವು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿ. ಹತ್ತಕ್ಕೆ ಎಂಟು ಬಂದರೆ ಅಂತರವನ್ನು 4, 3, 2ಕ್ಕೆ ಇಳಿಸಿ. ಎಲ್ಲ ಮನೆಗಳನ್ನೂ ಒಂದೇ ಬಲದಲ್ಲಿ ಒತ್ತಬೇಕು. ಹಾಗೆ ಮಾಡದಿದ್ದರೆ ಕಿವಿ ಎತ್ತರ ಬಿಟ್ಟು ಜೋರನ್ನು ಹಿಡಿದು ಉತ್ತರ ಕೊಡಲು ಕಲಿಯುತ್ತದೆ.

ವಾದ್ಯಗಳನ್ನು ಗುರುತಿಸುವಾಗಲೂ ಕಾಲವೇ ಆಸರೆ. ತಂತಿ ಮೀಟಿದಾಗ ಸದ್ದು ತಟ್ಟನೆ ಎದ್ದು ಕರಗುತ್ತದೆ, ಕೊಳಲಿನದು ಮೆಲ್ಲಗೆ ಎದ್ದು ನಿಲ್ಲುತ್ತದೆ. ಗಿಟಾರ್–ಕೊಳಲು ಜೋಡಿಯಿಂದ ಶುರುಮಾಡಿ. ಕೊಳಲು–ಪಿಟೀಲು ಜೋಡಿ ಕೊನೆಗಿರಲಿ.

ಹಾಡು ಕೇಳುವಾಗ ಮಾತ್ರ ಇನ್ನೊಂದು ಕಿವಿಯನ್ನು ದೂರವಿಡುವ ನಿಯಮ ತಿರುಗಿಸಬೇಕು. ಇನ್ನೊಂದು ಕಿವಿಯಲ್ಲಿ ತಗ್ಗಿನ ಸದ್ದಿನ ಶ್ರವಣ ಉಳಿದಿದ್ದರೆ ಅಲ್ಲಿ ಹಿಯರಿಂಗ್ ಏಡ್ ಹಾಕಿಕೊಂಡೇ ಕೇಳಿ. 500 ಹರ್ಟ್ಸ್‌ಗಿಂತ ಕೆಳಗಿನದಷ್ಟೇ ಸಿಕ್ಕರೂ ದನಿಯ ಎತ್ತರ ಅದರಿಂದ ಸಿಗುತ್ತದೆ, ಇಂಪ್ಲಾಂಟ್ ಉಳಿದದ್ದನ್ನು ಕೊಡುತ್ತದೆ. ‘ಒಂದು ಕಿವಿಗೆ ಇಂಪ್ಲಾಂಟ್ ಆಯಿತಲ್ಲ’ ಎಂದು ಇನ್ನೊಂದರ ಹಿಯರಿಂಗ್ ಏಡನ್ನು ಪೆಟ್ಟಿಗೆಗೆ ಸೇರಿಸುವುದು ದೊಡ್ಡ ನಷ್ಟ.

ವಾಲ್ಯೂಮ್ ಮಧ್ಯಮವಾಗಿರಲಿ. ಇಂಪ್ಲಾಂಟ್‌ನಲ್ಲಿ ಮೆಲ್ಲಗಿನ ಸದ್ದಿಗೂ ಜೋರಿನ ಸದ್ದಿಗೂ ನಡುವಿನ ಜಾಗವೇ ಕಿರಿದು. ಜೋರು ಮಾಡಿದಷ್ಟೂ ಪ್ರೊಸೆಸರ್ ಎಲ್ಲವನ್ನೂ ಅದುಮಿ ಚಪ್ಪಟೆ ಮಾಡುತ್ತದೆ. ಫೋನಿನ ಪುಟ್ಟ ಸ್ಪೀಕರ್ ಬೇಡ, ಗೋಡೆಗಳು ಪ್ರತಿಧ್ವನಿಸುವ ಹಜಾರವೂ ಬೇಡ. ದನಿ ಮತ್ತು ವಾದ್ಯಗಳನ್ನು ಬೇರ್ಪಡಿಸುವ ಆ್ಯಪ್ ಇದ್ದರೆ ಹಾಡುವವರ ದನಿ ಮತ್ತು ತಾಳವನ್ನು ಏರಿಸಿ, ಉಳಿದದ್ದನ್ನು ಇಳಿಸಿ ಕೇಳಿ. ಹಾಡು ಪರಿಚಯವಾದಂತೆ ವಾದ್ಯಗಳನ್ನು ಒಂದೊಂದಾಗಿ ವಾಪಸ್ ತನ್ನಿ.