ಘಾಟಿಯ ಹೊಟ್ಟೆ ತೊಳಸಿಗೆ ಮಣಿಕಟ್ಟಿನ ಬಿಂದು
ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯು ‘ಚೀ’ ಎಂಬ ಪ್ರಾಣಶಕ್ತಿ ಹರಿಯುವ 14 ಮುಖ್ಯ ಮಾರ್ಗಗಳನ್ನೂ ಅವುಗಳ ಮೇಲೆ 361 ಬಿಂದುಗಳನ್ನೂ ಗುರುತಿಸಿ, ಒಂದೊಂದಕ್ಕೂ ಅದರದೇ ಆದ ಕೆಲಸವನ್ನು ಹೇಳುತ್ತದೆ. ಸೂಜಿ ಚುಚ್ಚುವುದು ತರಬೇತಿ ಪಡೆದವರ ಕೆಲಸ. ಬೆರಳಿನಿಂದ ಒತ್ತುವುದನ್ನು ಮಾತ್ರ ನಾವು ಮನೆಯಲ್ಲೇ ಕಲಿಯಬಹುದು.

ಸಂಪಾಜೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಘಾಟಿ ಹತ್ತುವಾಗ ಹೊಟ್ಟೆ ತೊಳಸುವವರು ‘ನೇಗುವಾನ್’, ಅಂದರೆ ‘ಒಳಬಾಗಿಲು’ ಎಂಬ ಬಿಂದುವನ್ನು ಒತ್ತಿ ನೋಡಬಹುದು. ಅಂಗೈ ಮೇಲ್ಮುಖವಾಗಿಸಿ, ಇನ್ನೊಂದು ಕೈಯ ಉಂಗುರಬೆರಳನ್ನು ಮಣಿಕಟ್ಟಿನ ಗೆರೆಗೆ ತಾಗಿಸಿ, ಅದರ ಪಕ್ಕದಲ್ಲೇ ನಡುಬೆರಳು, ತೋರುಬೆರಳುಗಳನ್ನು ಜೋಡಿಸಿಡಿ. ತೋರುಬೆರಳಿನ ಅಂಚು ಮುಗಿಯುವಲ್ಲಿ, ಮುಷ್ಟಿ ಬಿಗಿದಾಗ ಹುರಿಯಂತೆ ಉಬ್ಬುವ ಎರಡು ಎಳೆಗಳ ನಡುವಿನ ತಗ್ಗೇ ಆ ಜಾಗ. ಮಗುವಿಗಾದರೆ ಮಗುವಿನ ಬೆರಳಿನಿಂದಲೇ ಅಳೆಯಬೇಕು. ದೊಡ್ಡವರ ಬೆರಳಿಟ್ಟರೆ ಲೆಕ್ಕ ತಪ್ಪುತ್ತದೆ. ತಿರುವುಗಳು ಶುರುವಾಗುವ ಮೊದಲೇ ಹೆಬ್ಬೆರಳಿನಿಂದ 2–3 ನಿಮಿಷ, ನೋವಾಗದಷ್ಟು ಒತ್ತಿ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಈ ಬಿಂದು ನೆರವಾಗುವುದನ್ನು ಪ್ರಯೋಗಗಳು ತೋರಿಸಿವೆ. ಪ್ರಯಾಣದ ವಾಕರಿಕೆಗೆ ಪುರಾವೆ ಅಷ್ಟು ಗಟ್ಟಿಯಾಗಿಲ್ಲ.

ಕಾಫಿ ಕೊಯ್ಲಿನ ದಿನ ಇಳಿಜಾರಿನಲ್ಲಿ ನಿಂತು ಸೋತ ಕಾಲಿಗೆ ‘ಜುಸಾನ್‌ಲಿ’ ಇದೆ: ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಎಲುಬಿನಿಂದ ಒಂದು ಬೆರಳು ಹೊರಗೆ. ಜೀರ್ಣಕ್ಕೂ ಇದನ್ನೇ ಹೇಳುತ್ತಾರೆ.

ಹೆಬ್ಬೆರಳು–ತೋರುಬೆರಳುಗಳ ನಡುವಿನ ‘ಹೆಗು’ ಬಿಂದುವನ್ನು ಗರ್ಭಿಣಿಯರಿಗೆ ಒತ್ತಬಾರದೆಂದು ಆ ಪದ್ಧತಿಯೇ ಎಚ್ಚರಿಸುತ್ತದೆ.