ಪರ್ಸಿಸ್ಟೆಂಟ್ ಮೆಮೊರಿ ಮೇಲೆ ಲಾಗ್ ಬರೆದ ನನ್ನ ಅನುಭವ

ಡೇಟಾಬೇಸ್‌ನ ಲಾಗ್ ಫೈಲನ್ನು (ಬದಲಾವಣೆಗಳನ್ನು ಸಾಲಾಗಿ ದಾಖಲಿಸುವ ಫೈಲ್) ಇಂಟೆಲ್‌ನ ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿಗೆ, ಅಂದರೆ ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಮೆಮೊರಿಗೆ ಹಾಕಿದ ಮೇಲೆ ವೇಗ ಹೆಚ್ಚಿತು, ಆದರೆ ಆ ಸಾಧನಕ್ಕೆ ತಕ್ಕಷ್ಟಲ್ಲ. ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪರ್ಫ್ ಎಂಬ ಲಿನಕ್ಸ್ ಸಲಕರಣೆ ಹಾಕಿ ನೋಡಿದೆ. ಬೈಟುಗಳನ್ನು ಬರೆಯುವ ಸಮಯ ತೀರಾ ಕಡಿಮೆ. ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಕೊಡುವ ಕರೆ), ಜಾಗ ಹಂಚಿಕೆ, ಜರ್ನಲ್ (ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಬರೆದಿಡುವ ಪಟ್ಟಿ) ಇವೇ ಉಳಿದದ್ದನ್ನು ನುಂಗುತ್ತಿದ್ದವು. ಸ್ಪ್ಲಿಟ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಗ್ಗೆ 2019ರಲ್ಲಿ ಬಂದ ಪ್ರಬಂಧದಲ್ಲೂ ಇದೇ ಲೆಕ್ಕ: 4 ಕೆಬಿ ಬರೆಯಲು ಸಾಧನಕ್ಕೆ 671 ನ್ಯಾನೊಸೆಕೆಂಡ್ ಸಾಕು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಡ್ಯಾಕ್ಸ್ (ಪೇಜ್ ಕ್ಯಾಶ್ ಇಲ್ಲದೆ ಸಾಧನವನ್ನು ನೇರವಾಗಿ ಮುಟ್ಟುವ ವಿಧಾನ) ಮೂಲಕ ಫೈಲಿನ ಕೊನೆಗೆ ಸೇರಿಸಲು ಸುಮಾರು 9,000 ಬೇಕು.

ಹಾಗಾಗಿ ಅವರ ದಾರಿಯನ್ನೇ ಹಿಡಿದೆ. ಹೆಸರು, ಅನುಮತಿ, ಜಾಗ ಹಂಚಿಕೆ ಕರ್ನಲ್‌ಗೆ ಬಿಟ್ಟೆ. ಡೇಟಾ ಓದು, ಬರಹ ಮಾತ್ರ ಯೂಸರ್ ಸ್ಪೇಸ್‌ನಲ್ಲಿ, ಅಂದರೆ ನನ್ನ ಪ್ರೋಗ್ರಾಮ್‌ನೊಳಗೇ. ಇಡೀ ಫೈಲ್ ಸಿಸ್ಟಮ್ ನಾವೇ ಬರೆಯೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಇಎಕ್ಸ್‌ಟಿ4 ವರ್ಷಗಟ್ಟಲೆ ಪೆಟ್ಟು ತಿಂದು ಗಟ್ಟಿಯಾಗಿದೆ.

ಎಫ್‌ಎಸ್‌ಡ್ಯಾಕ್ಸ್ ನೇಮ್‌ಸ್ಪೇಸ್ (ಫೈಲ್ ಸಿಸ್ಟಮ್ ಹಾಕಲು ಸಿದ್ಧವಾದ ಪರ್ಸಿಸ್ಟೆಂಟ್ ಮೆಮೊರಿಯ ಭಾಗ) ಮಾಡಿ, ಡ್ಯಾಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡಿದೆ. ಲಾಗ್‌ಗೆ ಬೇಕಾದ ಜಾಗವನ್ನೆಲ್ಲ ಮೊದಲೇ ತೆಗೆದುಕೊಂಡು, ಮ್ಯಾಪ್ ಸಿಂಕ್ ಫ್ಲ್ಯಾಗ್ ಕೊಟ್ಟು ಎಂಮ್ಯಾಪ್ ಮಾಡಿದೆ, ಅಂದರೆ ಫೈಲನ್ನು ಪ್ರೋಗ್ರಾಮ್‌ನ ಮೆಮೊರಿಯಂತೆ ಕಾಣುವ ಹಾಗೆ ಜೋಡಿಸಿದೆ. ಆ ಮ್ಯಾಪ್ ಮೂಲಕವೇ ಸೊನ್ನೆ ತುಂಬಿದೆ. ಇದರಿಂದ ಪೇಜ್ ಫಾಲ್ಟ್‌ಗಳ (ಪುಟವನ್ನು ಮೊದಲ ಸಲ ಮುಟ್ಟಿದಾಗ ಕರ್ನಲ್ ನಡುವೆ ಬರುವುದು) ಕಾಟ ಕೆಲಸ ಶುರುವಾಗುವ ಮುಂಚೆಯೇ ಮುಗಿಯುತ್ತದೆ. ಲಿನಕ್ಸ್ 4.15ರಲ್ಲಿ ಬಂದ ಆ ಫ್ಲ್ಯಾಗ್ ತುಂಬಾ ಮುಖ್ಯ. ಅದಿಲ್ಲದಿದ್ದರೆ ಡೇಟಾ ಸಾಧನಕ್ಕೆ ತಲುಪಿದ್ದರೂ, ಅದು ಯಾವ ಬ್ಲಾಕಿನಲ್ಲಿದೆ ಎಂಬ ಮಾಹಿತಿ ಕರೆಂಟ್ ಹೋದಾಗ ಕಳೆದುಹೋಗಬಹುದು. ಆಗ ಎಲ್ಲವನ್ನೂ ಸಾಧನಕ್ಕೆ ಉಳಿಸು ಎಂದು ಕರ್ನಲ್‌ಗೆ ಹೇಳುವ ಎಫ್‌ಸಿಂಕ್‌ಗೇ ಮತ್ತೆ ಹೋಗಬೇಕು.

ನನ್ನ ಸಮಯವೆಲ್ಲ ಹೋದದ್ದು ಬರಹದ ಕ್ರಮಕ್ಕೆ. ಬರೆದ ಡೇಟಾ ಮೊದಲು ಸಿಪಿಯು ಕ್ಯಾಶ್‌ನಲ್ಲಿ ಕೂರುತ್ತದೆ. ಯಾವ ಲೈನ್ (ಕ್ಯಾಶ್‌ನ ಒಂದು ಸಣ್ಣ ತುಂಡು) ಯಾವಾಗ ಹೊರಗೆ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಸಾಮಾನ್ಯ ಉಪಾಯ ಹೀಗಿದೆ: ಮೊದಲು ದಾಖಲೆ ಬರೆದು ಫ್ಲಶ್ (ಕ್ಯಾಶ್‌ನಿಂದ ಹೊರಗೆ ತಳ್ಳು), ಫೆನ್ಸ್ (ಅದು ಮುಗಿಯುವವರೆಗೆ ಕಾಯು). ಆಮೇಲೆ ಲಾಗ್‌ನ ಕೊನೆ ಎಲ್ಲಿದೆ ಎಂದು ತೋರಿಸುವ 8 ಬೈಟ್ ಬರೆದು ಮತ್ತೆ ಫ್ಲಶ್, ಫೆನ್ಸ್. ಇದು ಸರಿಯೇ. ಆದರೆ ಒಂದೇ ಕ್ಯಾಶ್ ಲೈನನ್ನು ಪದೇ ಪದೇ ಫ್ಲಶ್ ಮಾಡುವುದು ಆಪ್ಟೇನ್‌ನಲ್ಲಿ ನಿಧಾನ. ಅದಕ್ಕೇ ಆ ಗುರುತನ್ನೇ ಕೈಬಿಟ್ಟೆ. ಪ್ರತಿ ದಾಖಲೆಯಲ್ಲೂ ಕ್ರಮಸಂಖ್ಯೆ ಮತ್ತು ಚೆಕ್‌ಸಮ್ (ದಾಖಲೆ ಪೂರ್ತಿ ಇದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಟ್ಟೆ, ಕ್ಯಾಶ್ ದಾಟಿ ಹೋಗುವ ನಾನ್-ಟೆಂಪೊರಲ್ ಸ್ಟೋರ್‌ನಿಂದ ಬರೆದೆ, ಕೊನೆಗೆ ಒಂದೇ ಫೆನ್ಸ್. ಮಷೀನ್ ಬಿದ್ದು ಎದ್ದರೆ, ಚೆಕ್‌ಸಮ್ ತಪ್ಪುವವರೆಗೆ ಓದಿಕೊಂಡು ಹೋದರಾಯಿತು. ಆಪ್ಟೇನ್ ಒಳಗೆ 256 ಬೈಟ್‌ಗಳ ತುಂಡಿನಲ್ಲಿ ಕೆಲಸ ಮಾಡುವುದರಿಂದ ದಾಖಲೆಗಳನ್ನೂ ಆ ಅಳತೆಗೆ ಹೊಂದಿಸಿದೆ. ಜಾಗ ಸ್ವಲ್ಪ ಹಾಳಾಗುತ್ತದೆ, ಆದರೂ ಲಾಭವೇ.

ಸುಮ್ನೆ ಪ್ರೋಗ್ರಾಮ್ ಕೊಂದು ಪರೀಕ್ಷಿಸಿದರೆ ಸಾಲದು, ಕ್ಯಾಶ್ ಹಾಗೇ ಉಳಿದಿರುತ್ತದೆ. ಪಿಮೆಮ್‌ಚೆಕ್ ಎಂಬ ಪರೀಕ್ಷಾ ಸಲಕರಣೆ ಓಡಿಸಿ, ಫ್ಲಶ್ ಆಗದ ಬರಹವನ್ನು ಅದು ಹಿಡಿದು ತೋರಿಸುತ್ತದೆ. ಆಪ್ಟೇನ್ ನಿಲ್ಲಿಸುವುದಾಗಿ ಇಂಟೆಲ್ 2022ರಲ್ಲೇ ಹೇಳಿತು. ಆ ಸಾಧನ ಸಿಗದಿದ್ದರೆ ಕರ್ನಲ್‌ನ ಮೆಮ್‌ಮ್ಯಾಪ್ ಬೂಟ್ ಆಯ್ಕೆಯಿಂದ ರ‍್ಯಾಮ್‌ನ ಒಂದು ಭಾಗವನ್ನೇ ಪಿಮೆಮ್ (ಪರ್ಸಿಸ್ಟೆಂಟ್ ಮೆಮೊರಿ) ಸಾಧನದಂತೆ ಮಾಡಿಕೊಂಡು ಕಲಿಯಬಹುದು. ಅಲ್ಲಿ ಬರುವ ವೇಗದ ಅಂಕಿಗಳನ್ನು ಮಾತ್ರ ನಂಬಬೇಡಿ.